ಅರಣ್ಯದಂಚಿನ ತೋಟ ಹಾಗೂ ಗುತ್ತಿಗೆ ಜಮೀನುಗಳಲ್ಲಿ ಅತಿಕ್ರಮ ಪ್ರವೇಶ ಮತ್ತು ಕಳ್ಳಬೇಟೆ ತಡೆ: ಸಾರ್ವಜನಿಕರಿಗೆ ಮಾಹಿತಿ

ಕೊಡಗು, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಹಾಗೂ ಉತ್ತರ ಕನ್ನಡ ಜಿಲ್ಲೆಗಳ ತೋಟಗಳು ಮತ್ತು ಬಂಡೀಪುರ, ನಾಗರಹೊಳೆ ಅರಣ್ಯಗಳಿಗೆ ಹೊಂದಿಕೊಂಡಿರುವ ಮೈಸೂರು, ಚಾಮರಾಜನಗರ ಜಿಲ್ಲೆಗಳ ಜಮೀನುಗಳು ಕಾಡಿನೊಂದಿಗೆ ಒಂದೇ ಬೇಲಿಯನ್ನು ಹಂಚಿಕೊಂಡಿವೆ. ಕಾಡುಹಂದಿ, ಕಡವೆ, ಜಿಂಕೆ, ಮೊಲಗಳು ಈ ಬೇಲಿಯನ್ನು ದಾಟಿ ಬರುತ್ತವೆ. ಅವುಗಳ ಬೆನ್ನು ಹತ್ತಿ ಚಿರತೆಯೂ, ಕೆಲವೊಮ್ಮೆ ಕೋವಿ ಹಿಡಿದ ಮನುಷ್ಯರೂ ಬರುತ್ತಾರೆ. ಮಾಲೀಕರು ಊರಿನಲ್ಲಿಲ್ಲದ ತೋಟಗಳಲ್ಲಿ ಮತ್ತು ಗುತ್ತಿಗೆಗೆ ನೀಡಲಾದ ತೋಟಗಳಲ್ಲಿ ಈ ಸಮಸ್ಯೆ ಹೆಚ್ಚು. ಬೇರೆಯವರು ಕಟ್ಟಿದ ಉರುಳಿಗೆ ತಾವು ಹೊಣೆಯಾಗಬೇಕೇ, ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಲು ಈಡುಗಾರರನ್ನು ಕರೆಸಬಹುದೇ, ರಾತ್ರಿ ತೋಟಕ್ಕೆ ನುಗ್ಗುವವರನ್ನು ಹಿಡಿದಿಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಗಳು ಜಮೀನುದಾರರಲ್ಲಿ ಸಾಮಾನ್ಯವಾಗಿದ್ದು, ತತ್ಸಂಬಂಧ ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

ಬೇಟೆಗಾಗಿ ಗುತ್ತಿಗೆ ಎಂಬುದು ಇಲ್ಲ

ಅಮೆರಿಕದಂತಹ ಕೆಲವು ದೇಶಗಳಲ್ಲಿ ಜಮೀನುದಾರರು ತಮ್ಮ ಭೂಮಿಯಲ್ಲಿ ಬೇಟೆಯಾಡುವ ಹಕ್ಕನ್ನು ಹಣ ಪಡೆದು ಗುತ್ತಿಗೆಗೆ ನೀಡುವ ಪದ್ಧತಿ ಇದೆ. ಭಾರತದಲ್ಲಿ ಅಂತಹ ಗುತ್ತಿಗೆಗೆ ಅವಕಾಶವಿಲ್ಲ. ಇಲ್ಲಿಯೂ ಒಂದು ಕಾಲದಲ್ಲಿ ಕಾಡನ್ನು ಬೇಟೆಯ ಬ್ಲಾಕುಗಳನ್ನಾಗಿ ವಿಂಗಡಿಸಿ, ಗೊತ್ತುಪಡಿಸಿದ ಅವಧಿಗೆ ಪರವಾನಗಿ ಕೊಡಲಾಗುತ್ತಿತ್ತು. ಬಂಡೀಪುರವು ಮೈಸೂರು ಅರಸರ ಬೇಟೆಯ ಕಾಡಾಗಿದ್ದು, 1973ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಸೇರಿತು. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯು ಮೊದಲು ಜಾರಿಗೆ ಬಂದಾಗ ದೊಡ್ಡ ಪ್ರಾಣಿ, ಸಣ್ಣ ಪ್ರಾಣಿಗಳೆಂದು ವಿಂಗಡಿಸಿ ಬೇಟೆ ಪರವಾನಗಿ ನೀಡಲು ಅದರಲ್ಲಿಯೂ ಅವಕಾಶವಿತ್ತು. 1991ರ ತಿದ್ದುಪಡಿಯಿಂದ ಸದರಿ ಪರವಾನಗಿ ಪದ್ಧತಿಯನ್ನು ರದ್ದುಪಡಿಸಲಾಗಿದೆ. ಹಳೆಯ ತೋಟದ ಮನೆಗಳ ಗೋಡೆಯ ಮೇಲೆ ಇಂದಿಗೂ ಕಾಣುವ ಕೊಂಬುಗಳು ಆ ಕಾಲದವು. ಅವುಗಳನ್ನು ತೋರಿಸಿ ಹಿರಿಯರ ಕಾಲದಿಂದ ಬಂದ ಹಕ್ಕು ಎಂದು ವಾದಿಸಲು ಬರುವುದಿಲ್ಲ.

ಆದುದರಿಂದ ತೋಟವನ್ನು ಗುತ್ತಿಗೆಗೆ ಪಡೆದವರಿಗೆ ದೊರೆಯುವುದು ಕಾಫಿ, ಮೆಣಸು, ಅಡಿಕೆ ಮುಂತಾದ ಬೆಳೆಯ ಹಕ್ಕು ಮಾತ್ರ. ತೋಟದೊಳಗೆ ಸುಳಿಯುವ ವನ್ಯಪ್ರಾಣಿಯ ಮೇಲೆ ಗುತ್ತಿಗೆದಾರರಿಗಾಗಲಿ, ಮಾಲೀಕರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ. ಕಾಯ್ದೆಯ 39ನೇ ಪ್ರಕರಣದ ಮೇರೆಗೆ ಬೇಟೆಯಾಡಲಾದ ಅಥವಾ ಸತ್ತು ಬಿದ್ದಿರುವ ವನ್ಯಪ್ರಾಣಿಯು ರಾಜ್ಯ ಸರ್ಕಾರದ ಸ್ವತ್ತಾಗಿರುತ್ತದೆ. ಅಂತಹ ಪ್ರಾಣಿ ಅಥವಾ ಅದರ ಮಾಂಸ ಯಾರ ವಶಕ್ಕಾದರೂ ಬಂದಲ್ಲಿ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡತಕ್ಕದ್ದು. ಕೆರೆಯ ಬಳಿ ಸತ್ತು ಬಿದ್ದ ಹಂದಿಯನ್ನು ಲೈನ್ ಮನೆಯವರು ಪಾಲು ಮಾಡಿಕೊಂಡರೆ ಅದೂ ಅಪರಾಧವೇ. ಯಾರೂ ಕೊಂದಿಲ್ಲವೆಂಬ ಕಾರಣಕ್ಕೆ ಅದು ಸಕ್ರಮವಾಗುವುದಿಲ್ಲ.

ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ

ಕಾಯ್ದೆಯ 2ನೇ ಪ್ರಕರಣದಲ್ಲಿ ಬೇಟೆ ಎಂಬ ಪದಕ್ಕೆ ವಿಶಾಲವಾದ ಅರ್ಥವನ್ನು ನೀಡಲಾಗಿದೆ. ಕೊಲ್ಲುವುದು, ವಿಷವಿಕ್ಕುವುದು, ಹಿಡಿಯುವುದು, ಉರುಳು ಅಥವಾ ಬೋನು ಒಡ್ಡುವುದು, ಸೋವುವುದು, ಆಮಿಷವಿಟ್ಟು ಸೆಳೆಯುವುದು, ಹಕ್ಕಿಯ ಮೊಟ್ಟೆ ಹಾಗೂ ಗೂಡುಗಳನ್ನು ನಾಶಪಡಿಸುವುದು ಇವೆಲ್ಲವೂ ಬೇಟೆಯೇ ಆಗಿದ್ದು, ಇವುಗಳಿಗೆ ಪ್ರಯತ್ನಿಸುವುದೂ ಅದರಲ್ಲಿ ಸೇರುತ್ತದೆ. ಯುಗಾದಿಯ ಸಂದರ್ಭದಲ್ಲಿ ಕೆಲವು ಗ್ರಾಮಗಳಲ್ಲಿ ನಾಯಿ, ಬಲೆಗಳೊಂದಿಗೆ ಮೊಲದ ಬೇಟೆಗೆ ಹೊರಡುವ ಸಂಪ್ರದಾಯವೂ ಇದರ ವ್ಯಾಪ್ತಿಗೆ ಬರುತ್ತದೆ. ಸಂಪ್ರದಾಯವೆಂಬ ಕಾರಣಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ.

2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅದರಂತೆ ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಲಾಗಿದೆ. ಹುಲಿ, ಚಿರತೆ, ಆನೆ, ಕಾಟಿ, ಕರಡಿ, ಚಿಪ್ಪುಹಂದಿ, ಉಡ ಹಾಗೂ ನವಿಲು ಮೊದಲನೇ ಅನುಸೂಚಿಯಲ್ಲಿವೆ. ಇವುಗಳ ಬೇಟೆಗೆ ಕನಿಷ್ಠ ಮೂರು ವರ್ಷಗಳಿಂದ ಏಳು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ ವಿಧಿಸಬಹುದಾಗಿದೆ. ಕಾಡುಹಂದಿಯು ಎರಡನೇ ಅನುಸೂಚಿಯಲ್ಲಿದ್ದು, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ಹೊರಗೆ ಅದರ ಬೇಟೆಗೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಂದಿ ಬೆಳೆಗೆ ಹಾನಿಕರವಾದುದರಿಂದ ಅದನ್ನು ಕೊಲ್ಲಲು ಅಡ್ಡಿಯಿಲ್ಲವೆಂಬ ತಿಳುವಳಿಕೆ ವ್ಯಾಪಕವಾಗಿದೆ, ಅದು ತಪ್ಪು. 11ನೇ ಪ್ರಕರಣದಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕೃತರಾದ ಅಧಿಕಾರಿಯು ಕಾರಣಗಳನ್ನು ನಮೂದಿಸಿ ಲಿಖಿತ ಆದೇಶ ನೀಡಿದಲ್ಲಿ ಮಾತ್ರ, ಆ ಆದೇಶದ ಮಿತಿಯೊಳಗೆ, ಕ್ರಮ ಕೈಗೊಳ್ಳಬಹುದು. ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದಲ್ಲಿ ಅದು ಅಪರಾಧವಲ್ಲವಾದರೂ, ಆ ವೇಳೆ ಕಾಯ್ದೆಗೆ ವಿರುದ್ಧವಾದ ಕೃತ್ಯದಲ್ಲಿ ತೊಡಗಿದ್ದವರಿಗೆ ಈ ರಕ್ಷಣೆ ಲಭ್ಯವಿಲ್ಲ. ಮರಸು ಕುಳಿತವನ ಮೇಲೆ ಗಾಯಗೊಂಡ ಹಂದಿ ಎರಗಿತೆಂಬುದು ಸಮರ್ಥನೆಯಾಗಲಾರದು.

ಗುತ್ತಿಗೆ ಪತ್ರ ಮತ್ತು ಗಡಿ

ಕೃಷಿ ಜಮೀನನ್ನು ಗೇಣಿಗೆ ನೀಡುವುದಕ್ಕೆ 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯಲ್ಲಿ ನಿರ್ಬಂಧಗಳಿವೆ; ತೋಟಗಳ ವಿಷಯದಲ್ಲಿ ನಿಯಮಗಳು ಬೇರೆ. ಹೀಗಾಗಿ ಗುತ್ತಿಗೆ ಪಡೆಯುವ ಮುನ್ನ ಪಹಣಿಯಲ್ಲಿ ಜಮೀನಿನ ಸ್ವರೂಪವನ್ನು ಪರಿಶೀಲಿಸಿಕೊಳ್ಳುವುದು ಅಗತ್ಯ. ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸತಕ್ಕದ್ದು. ಬಾಯಿಮಾತಿನ ಗುತ್ತಿಗೆ ಮಲೆನಾಡಿನಲ್ಲಿ ಇಂದಿಗೂ ರೂಢಿಯಲ್ಲಿದೆ. ತೋಟದಲ್ಲಿ ಮಾಂಸ ಅಥವಾ ಉರುಳು ಪತ್ತೆಯಾದ ದಿನ, ಅಂದು ತೋಟ ಯಾರ ಸ್ವಾಧೀನದಲ್ಲಿತ್ತೆಂಬುದನ್ನು ತೋರಿಸಲು ಮಾಲೀಕರ ಬಳಿಯೂ ಗುತ್ತಿಗೆದಾರರ ಬಳಿಯೂ ಕಾಗದವಿಲ್ಲದೆ ಇಬ್ಬರೂ ತೊಂದರೆಗೆ ಸಿಲುಕುತ್ತಾರೆ.

ಗುತ್ತಿಗೆ ಪತ್ರದಲ್ಲಿ ಕಾವಲಿನ ಹೊಣೆ ಯಾರದು, ಬೇಲಿ ದುರಸ್ತಿಯ ವೆಚ್ಚ ಯಾರದು, ಹಳೆಯ ಕಾವಲುಗಾರರು ಮುಂದುವರಿಯುವರೇ, ತೋಟದ ಮನೆಯಲ್ಲಿರುವ ಮಾಲೀಕರ ಕೋವಿ ಎಲ್ಲಿರತಕ್ಕದ್ದು ಎಂಬುದನ್ನು ಬರೆದುಕೊಳ್ಳುವುದು ಉತ್ತಮ. ಸ್ವಾಧೀನ ಪಡೆಯುವ ದಿನ ಉಭಯ ಪಕ್ಷದವರೂ ಒಟ್ಟಾಗಿ ಬೇಲಿಗುಂಟ ಒಂದು ಸುತ್ತು ನಡೆದು, ಕಂಡುಬಂದ ಹಳೆಯ ಉರುಳು, ತಂತಿ, ಕಂಡಿಗಳ ಬಗ್ಗೆ ಟಿಪ್ಪಣಿ ಬರೆದು ಸಹಿ ಮಾಡಿಕೊಂಡಲ್ಲಿ ಮುಂದಿನ ವಿವಾದಗಳು ಬಹುಪಾಲು ತಪ್ಪುತ್ತವೆ. ಇದಕ್ಕೆ ತಗಲುವುದು ಅರ್ಧ ದಿನದ ಶ್ರಮ ಮಾತ್ರ.

ಗಡಿ ಸ್ಪಷ್ಟವಿಲ್ಲದ ಕಡೆ ಅತಿಕ್ರಮ ಪ್ರವೇಶದ ದೂರು ನಿಲ್ಲುವುದು ಕಷ್ಟ. ಬಾಂದುಕಲ್ಲುಗಳು ಕಿತ್ತುಹೋಗಿದ್ದಲ್ಲಿ ಅಥವಾ ಅರಣ್ಯದ ಗಡಿಯ ಬಗ್ಗೆ ಸಂದೇಹವಿದ್ದಲ್ಲಿ ಹದ್ದುಬಸ್ತಿಗಾಗಿ ಅರ್ಜಿ ಸಲ್ಲಿಸಬಹುದು. ಅರ್ಜಿಯನ್ನು ಪಹಣಿಯಲ್ಲಿ ಹೆಸರಿರುವ ಖಾತೆದಾರರೇ ಸಲ್ಲಿಸುವುದು ಕ್ರಮವಾದುದರಿಂದ ಗುತ್ತಿಗೆದಾರರು ಮಾಲೀಕರ ಮೂಲಕ ಮುಂದುವರಿಯತಕ್ಕದ್ದು. ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟೀಸು ನೀಡಿ ಅಳತೆ ಮಾಡುತ್ತಾರೆ. ಅಳತೆಯ ನಂತರ ಕಾಲುದಾರಿ, ಉಣುಗೋಲು ಮತ್ತು ಹಳ್ಳದ ದಾಟುಗಳಲ್ಲಿ ಕನ್ನಡದಲ್ಲಿ ಬರೆದ ಫಲಕಗಳನ್ನು ಹಾಕತಕ್ಕದ್ದು. ಗ್ರಾಮಸ್ಥರು ಹಿಂದಿನಿಂದ ಬಳಸುತ್ತಿರುವ ದಾರಿ ತೋಟದೊಳಗಿದ್ದಲ್ಲಿ ಅದನ್ನು ಏಕಾಏಕಿ ಮುಚ್ಚುವುದರಿಂದ ದ್ವೇಷ ಬೆಳೆಯುವುದಲ್ಲದೆ, ಅಪರಿಚಿತರ ಸುಳಿವು ನೀಡುವ ಜನರೇ ದೂರವಾಗುತ್ತಾರೆ.

ಉರುಳು

ತೋಟಗಳಲ್ಲಿ ನಡೆಯುವ ಕಳ್ಳಬೇಟೆಯಲ್ಲಿ ಉರುಳಿನ ಪಾತ್ರ ದೊಡ್ಡದು. ದ್ವಿಚಕ್ರ ವಾಹನದ ಕ್ಲಚ್ ಅಥವಾ ಬ್ರೇಕ್ ತಂತಿ, ಬೇಲಿಯ ತಂತಿಯ ತುಂಡು ಇವೇ ಸಾಕು. ಖರ್ಚಿಲ್ಲ, ಸದ್ದಿಲ್ಲ, ಕಟ್ಟಿದವನು ಅಲ್ಲಿರಬೇಕಾಗಿಯೂ ಇಲ್ಲ. ಪ್ರಾಣಿಗಳು ನಿತ್ಯ ನುಸುಳುವ ಬೇಲಿಯ ಕಂಡಿ, ಕಾಫಿ ಸಾಲಿನ ನಡುವಿನ ಜಾಡು, ನೀರಿಗೆ ಇಳಿಯುವ ದಾರಿಗಳಲ್ಲಿ ಇದನ್ನು ಕಟ್ಟುತ್ತಾರೆ. ಇಕ್ಕೆಲಗಳಲ್ಲಿ ಮುಳ್ಳು, ಸೊಪ್ಪು ಒಟ್ಟಿ ಪ್ರಾಣಿಯು ಆ ಒಂದೇ ಕಂಡಿಗೆ ಬರುವಂತೆ ಮಾಡಿರುವುದು ಕಂಡುಬಂದಲ್ಲಿ, ಬಾಗಿಸಿ ಕಟ್ಟಿದ ಗಿಡ ಅಥವಾ ಕಾಂಡದ ಮೇಲೆ ತಂತಿ ಉಜ್ಜಿದ ಗುರುತು ಕಂಡುಬಂದಲ್ಲಿ ಅಲ್ಲಿ ಉರುಳಿದೆಯೆಂದು ತಿಳಿಯಬಹುದು.

ಉರುಳು ಕಟ್ಟುವವರ ಗುರಿ ಹಂದಿ ಅಥವಾ ಮೊಲ. ಆದರೆ ಅದೇ ಜಾಡಿನಲ್ಲಿ ಚಿರತೆಯೂ ನಡೆಯುತ್ತದೆ, ತೋಟದ ನಾಯಿಯೂ ನಡೆಯುತ್ತದೆ. ಸೊಂಟಕ್ಕೆ ಉರುಳು ಬಿದ್ದ ಚಿರತೆ ಜಗ್ಗಿದಷ್ಟೂ ತಂತಿ ಒಳಕ್ಕೆ ಇಳಿಯುತ್ತದೆ. ಹೊರಗೆ ಗಾಯ ಸಣ್ಣದಾಗಿ ಕಂಡರೂ ಒಳಗಿನ ಅಂಗಗಳಿಗೆ ಪೆಟ್ಟಾಗಿ, ಬಿಡಿಸಿದ ಕೆಲವು ದಿನಗಳ ನಂತರ ಪ್ರಾಣಿ ಸಾಯುವುದುಂಟು. ಹಂದಿಗಾಗಿ ಕಟ್ಟಿದ್ದೆಂಬ ಹೇಳಿಕೆಯಿಂದ ಚಿರತೆಯ ಪ್ರಕರಣ ಎರಡನೇ ಅನುಸೂಚಿಯ ಪ್ರಕರಣವಾಗುವುದಿಲ್ಲ.

ಖಾಲಿ ಉರುಳು ಕಂಡ ಕೂಡಲೇ ಕಿತ್ತು ಎಸೆಯುವುದು ಸಹಜ. ಆದರೆ ಹಾಗೆ ಮಾಡುವ ಮುನ್ನ ದಿನಾಂಕ ಸಹಿತ ಛಾಯಾಚಿತ್ರ ತೆಗೆದು ಗಸ್ತು ಅರಣ್ಯ ಪಾಲಕರಿಗೆ ಅಥವಾ ಉಪ ವಲಯ ಅರಣ್ಯಾಧಿಕಾರಿಗೆ ತಿಳಿಸತಕ್ಕದ್ದು. ಅವರು ಸ್ಥಳ ಮಹಜರು ನಡೆಸಿ ವಶಪಡಿಸಿಕೊಂಡಲ್ಲಿ ಅದು ದಾಖಲೆಯಾಗುತ್ತದೆ. ಹತ್ತು ಉರುಳುಗಳನ್ನು ಸದ್ದಿಲ್ಲದೆ ಕಿತ್ತುಹಾಕಿದ ಗುತ್ತಿಗೆದಾರರ ತೋಟದಲ್ಲಿ ಹನ್ನೊಂದನೆಯದಕ್ಕೆ ಚಿರತೆ ಬಿದ್ದಿದೆಯೆಂದು ಭಾವಿಸಿದಲ್ಲಿ, ಮೊದಲ ಪ್ರಶ್ನೆ ಎದುರಾಗುವುದು ಅವರಿಗೇ. ತಾವು ಉರುಳಿನ ವಿರುದ್ಧ ಇದ್ದೆವೆಂದು ತೋರಿಸಲು ಅವರ ಬಳಿ ಏನೂ ಇರುವುದಿಲ್ಲ. ಮೊದಲ ಉರುಳಿನ ದಿನವೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆದವರ ಸ್ಥಿತಿ ಬೇರೆಯೇ ಆಗಿರುತ್ತದೆ.

ಪ್ರಾಣಿ ಜೀವಂತವಾಗಿ ಸಿಕ್ಕಿಕೊಂಡಿದ್ದಲ್ಲಿ ಯಾರೂ ಹತ್ತಿರ ಹೋಗತಕ್ಕದ್ದಲ್ಲ. ಜನ ಸೇರಿದಷ್ಟೂ ಪ್ರಾಣಿ ಗಾಬರಿಗೊಂಡು ಜಗ್ಗುತ್ತದೆ. ತಂತಿ ತುಂಡಾದರೆ ಚಿರತೆ ಎದುರಿಗಿದ್ದವರ ಮೇಲೆ ಎರಗುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆಯಲು ಮುಂದೆ ಹೋಗುವವರನ್ನು ತಡೆಯುವುದು ಇಂದಿನ ದಿನಗಳಲ್ಲಿ ಸುಲಭವಲ್ಲವಾದರೂ ತೋಟದ ರೈಟರ್ ಅಥವಾ ಮೇಸ್ತ್ರಿ ಈ ಹೊಣೆಯನ್ನು ವಹಿಸಿಕೊಳ್ಳಬೇಕಾಗುತ್ತದೆ. ಅರಿವಳಿಕೆ ನೀಡಿ ಬಿಡಿಸುವುದು ಪಶುವೈದ್ಯರ ಕೆಲಸ. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ತೋಟದ ಹೆಸರು, ಗ್ರಾಮ ಮತ್ತು ವಾಹನ ಬರಬಹುದಾದ ದಾರಿಯನ್ನು ತಿಳಿಸಿ, ದಾರಿ ತೋರಿಸಲು ಒಬ್ಬರನ್ನು ರಸ್ತೆಯಲ್ಲಿ ನಿಲ್ಲಿಸುವುದು ಉಪಯುಕ್ತ.

ಹಂದಿಗಾಗಿ ಇಡುವ ಸಿಡಿಮದ್ದು ಇನ್ನೂ ಅಪಾಯಕಾರಿ. ಹಣ್ಣು ಅಥವಾ ಹಿಟ್ಟಿನ ಉಂಡೆಯಂತೆ ಕಾಣುವ ಇದನ್ನು ಕಚ್ಚಿದ ದನ, ನಾಯಿಗಳ ದವಡೆ ಛಿದ್ರವಾಗುತ್ತದೆ. ಸಂದೇಹಾಸ್ಪದ ಉಂಡೆ ಕಂಡಲ್ಲಿ ಮುಟ್ಟದೆ, ಮಕ್ಕಳನ್ನು ಹಾಗೂ ಜಾನುವಾರುಗಳನ್ನು ದೂರವಿರಿಸಿ 112ಕ್ಕೆ ಕರೆ ಮಾಡತಕ್ಕದ್ದು.

ವಿದ್ಯುತ್ ಹರಿಸಿದ ತಂತಿ

ಬೆಳೆ ರಕ್ಷಣೆಗಾಗಿ ಮನೆಯ ಅಥವಾ ಪಂಪ್‌ಸೆಟ್ಟಿನ ಲೈನಿನಿಂದ ಬೇಲಿಗೆ ನೇರವಾಗಿ ವಿದ್ಯುತ್ ಹರಿಸುವುದು ಕಳ್ಳಬೇಟೆಗಾರರು ಬಳಸುವ ವಿಧಾನವೂ ಹೌದು, ಕೆಲವು ರೈತರು ಅರಿಯದೆ ಅನುಸರಿಸುವ ವಿಧಾನವೂ ಹೌದು. ಕಾನೂನು ಇವೆರಡರ ನಡುವೆ ಹೆಚ್ಚಿನ ಭೇದ ಮಾಡುವುದಿಲ್ಲ. 230 ವೋಲ್ಟಿನ ವಿದ್ಯುತ್ ನಿರಂತರವಾಗಿ ಹರಿಯುವುದರಿಂದ ಮುಟ್ಟಿದವರ ಸ್ನಾಯುಗಳು ಬಿಗಿದು ಕೈ ಬಿಡಿಸಿಕೊಳ್ಳಲಾಗದು. ಆನೆ ಸತ್ತಲ್ಲಿ ಮೊದಲನೇ ಅನುಸೂಚಿಯ ಪ್ರಾಣಿಯ ಬೇಟೆಯ ಪ್ರಕರಣ ದಾಖಲಾಗುತ್ತದೆ. ಮುಂಜಾನೆ ನೀರು ಕಟ್ಟಲು ಹೋದ ಕಾರ್ಮಿಕರು ಅಥವಾ ಮನೆಯವರೇ ಸತ್ತಲ್ಲಿ ಭಾರತೀಯ ನ್ಯಾಯ ಸಂಹಿತೆ, 2023ರಡಿ ಸಾವಿಗೆ ಕಾರಣವಾದ ಅಪರಾಧದ ಪ್ರಕರಣ ದಾಖಲಾಗುತ್ತದೆ. ಅಕ್ರಮವಾಗಿ ಕೊಕ್ಕೆ ಹಾಕಿ ಸಂಪರ್ಕ ಪಡೆದಿದ್ದಲ್ಲಿ 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೇ ಪ್ರಕರಣದಂತೆ ವಿದ್ಯುತ್ ಕಳವಿನ ಆರೋಪವೂ ಸೇರುತ್ತದೆ.

ಸೌರ ಬೇಲಿಯ ವಿಷಯ ಬೇರೆ. ಅದರ ಉಪಕರಣವು ಸರಿಸುಮಾರು ಸೆಕೆಂಡಿಗೊಮ್ಮೆ ಅತ್ಯಲ್ಪ ಅವಧಿಯ ಆಘಾತವನ್ನಷ್ಟೇ ನೀಡುವುದರಿಂದ ಪ್ರಾಣಿ ಬೆದರಿ ಹಿಂಜರಿಯುತ್ತದೆ, ಸಾಯುವುದಿಲ್ಲ. ಮಳೆಗಾಲದಲ್ಲಿ ಬ್ಯಾಟರಿ ಇಳಿದಾಗ ಸೌರ ಬೇಲಿಯ ತಂತಿಗೇ ಮನೆಯ ಲೈನನ್ನು ಜೋಡಿಸುವವರಿದ್ದಾರೆ. ಆ ಕ್ಷಣದಿಂದ ಅದು ಸೌರ ಬೇಲಿಯಲ್ಲ, ಮೇಲೆ ಹೇಳಿದ ಕೊಲ್ಲುವ ತಂತಿಯೇ. ಬಳ್ಳಿ, ಹುಲ್ಲು ತಂತಿಗೆ ತಾಗಿದಲ್ಲಿ ಬ್ಯಾಟರಿ ಬೇಗ ಇಳಿಯುವುದರಿಂದ ಬೇಲಿಯ ಅಡಿಯನ್ನು ಆಗಾಗ್ಗೆ ಸವರುವುದೇ ಇದಕ್ಕೆ ಸರಿಯಾದ ಪರಿಹಾರ. ಸಹಾಯಧನದ ಲಭ್ಯತೆಯ ಬಗ್ಗೆ ಸಂಬಂಧಪಟ್ಟ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಬಹುದು.

ಅತಿಕ್ರಮಿಗಳು ಎದುರಾದಲ್ಲಿ

ರಾತ್ರಿ ವೇಳೆ ತೋಟದಲ್ಲಿ ತಲೆಗೆ ಕಟ್ಟಿದ ಟಾರ್ಚಿನ ಬೆಳಕು, ನಾಯಿಗಳ ಓಡಾಟ, ಗುಂಡಿನ ಸದ್ದು ಕಂಡು ಕೇಳಿಬಂದಲ್ಲಿ ಒಬ್ಬರೇ ಎದುರಿಸಲು ಹೋಗತಕ್ಕದ್ದಲ್ಲ. ಕತ್ತಲಲ್ಲಿ ಕೋವಿ ಹಿಡಿದವನು ಎದುರಿಗೆ ಅಲುಗಿದ್ದನ್ನು ಹಂದಿಯೆಂದು ಭ್ರಮಿಸಿ ಜೊತೆಗಾರನಿಗೇ ಗುಂಡು ಹಾರಿಸಿದ ಪ್ರಕರಣಗಳು ಮಲೆನಾಡಿನಲ್ಲಿ ನಡೆದಿವೆ; ಕಾವಲುಗಾರರಿಗೂ ಅದೇ ಅಪಾಯವಿದೆ. ವಾಹನದ ಸಂಖ್ಯೆ, ನಿಲ್ಲಿಸಿದ ಸ್ಥಳ, ಸಮಯ, ಬೆಳಕು ಸಾಗಿದ ದಿಕ್ಕು ಇಷ್ಟನ್ನು ಗುರುತಿಸಿಕೊಂಡು ಕೂಡಲೇ ತಿಳಿಸಿದಲ್ಲಿ ಗಸ್ತು ತಂಡಕ್ಕೆ ರಸ್ತೆಯಲ್ಲಿಯೇ ತಡೆಯಲು ಸಾಧ್ಯವಾಗುತ್ತದೆ.

ಅಪರಾಧ ಎಸಗುವ ಉದ್ದೇಶದಿಂದ ಅಥವಾ ಸ್ವಾಧೀನದಲ್ಲಿರುವವರನ್ನು ಬೆದರಿಸುವ ಉದ್ದೇಶದಿಂದ ಜಮೀನಿಗೆ ಪ್ರವೇಶಿಸುವುದು ಭಾರತೀಯ ನ್ಯಾಯ ಸಂಹಿತೆಯ 329ನೇ ಪ್ರಕರಣದಂತೆ ಅತಿಕ್ರಮ ಪ್ರವೇಶವಾಗಿದ್ದು, ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸದರಿ ಸಂಹಿತೆಯು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಇಲ್ಲಿ ಗಮನಿಸಬೇಕಾದುದೆಂದರೆ, ಸ್ವಾಧೀನದಲ್ಲಿರುವ ಗುತ್ತಿಗೆದಾರರೇ ದೂರು ನೀಡಬಹುದು. ಮಾಲೀಕರು ಪರಊರಿನಿಂದ ಬರುವವರೆಗೆ ಕಾಯಬೇಕಾಗಿಲ್ಲ. ಸೌದೆ ಅಥವಾ ಅಣಬೆಗೆ ಬಂದವರನ್ನೂ ಕಳ್ಳಬೇಟೆಗಾರರನ್ನೂ ಒಂದೇ ದೂರಿನಲ್ಲಿ ಸೇರಿಸುವುದು ನ್ಯಾಯವೂ ಅಲ್ಲ, ಪ್ರಕರಣಕ್ಕೆ ಬಲವನ್ನೂ ನೀಡುವುದಿಲ್ಲ.

ಹಿಡಿದವರನ್ನು ಕಟ್ಟಿಹಾಕುವುದು, ಹೊಡೆಯುವುದು ಸಲ್ಲದು. ತಮ್ಮ ಕಣ್ಣೆದುರು ಜಾಮೀನು ರಹಿತ ಸಂಜ್ಞೇಯ ಅಪರಾಧ ನಡೆದಲ್ಲಿ ಖಾಸಗಿ ವ್ಯಕ್ತಿಯೂ ದಸ್ತಗಿರಿ ಮಾಡಬಹುದೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಪ್ರಕರಣ ಹೇಳುತ್ತದಾದರೂ, ಆರು ಗಂಟೆಗಳೊಳಗೆ ಪೊಲೀಸರ ವಶಕ್ಕೆ ಒಪ್ಪಿಸತಕ್ಕದ್ದು. ಪ್ರಾಯೋಗಿಕವಾಗಿ, ಶಸ್ತ್ರ ಹಿಡಿದವರ ವಿಷಯದಲ್ಲಿ ಈ ಅಧಿಕಾರವನ್ನು ಬಳಸದಿರುವುದೇ ಲೇಸು.

ಕಳ್ಳಬೇಟೆಗೆ ತೋಟದೊಳಗಿನವರ ನೆರವೂ ಇರುವುದುಂಟು. ಬೇಟೆಯ ಪಾಲು ಲೈನ್ ಮನೆಗೆ ಬರುತ್ತದೆ, ಪ್ರತಿಯಾಗಿ ಗೇಟಿನ ಬೀಗ ತೆರೆಯುತ್ತದೆ. ಮಾಂಸ, ಚರ್ಮ ಅಥವಾ ಕೊಂಬು ಯಾರ ವಶ, ಸುಪರ್ದಿ ಅಥವಾ ಹತೋಟಿಯಲ್ಲಿ ಇದೆಯೆಂದು ರುಜುವಾತಾಗುವುದೋ ಅವರು ಅದನ್ನು ಅಕ್ರಮವಾಗಿಯೇ ಇಟ್ಟುಕೊಂಡಿದ್ದಾರೆಂದು 57ನೇ ಪ್ರಕರಣದಂತೆ ಭಾವಿಸಲಾಗುತ್ತದೆ. ಅಲ್ಲವೆಂದು ಸಾಬೀತುಪಡಿಸುವ ಹೊಣೆ ಆರೋಪಿಯದು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಕಾರ್ಮಿಕರಿಗೆ ಅವರ ಭಾಷೆಯಲ್ಲಿ ಇದನ್ನು ತಿಳಿಸಿ ಹೇಳುವುದು ಒಳಿತು. ಹೊರ ರಾಜ್ಯಗಳಿಂದ ಬಂದ ಕಾರ್ಮಿಕರಿಗೆ ಕನ್ನಡದ ಫಲಕದಿಂದ ಪ್ರಯೋಜನವಿಲ್ಲ.

ಕೋವಿಯ ಪರವಾನಗಿ

ಬೆಳೆ ರಕ್ಷಣೆಗಾಗಿ ನೀಡಲಾದ ಕೋವಿ ಪರವಾನಗಿಯು ಬೇಟೆಗೆ ಅನುಮತಿಯಲ್ಲ. ಕೊಡಗಿನಲ್ಲಿ ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಗಳ ಅವಧಿಗೆ ಮುಂದುವರಿಸಲಾಗಿದೆ. ಅದು ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದೇ ಹೊರತು ವನ್ಯಜೀವಿ ಕಾಯ್ದೆಯಿಂದ ವಿನಾಯಿತಿಯಲ್ಲ. ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ವಾಸಿಸುವ ಶಸ್ತ್ರಧಾರಿಗಳು ನೋಂದಣಿ ಮಾಡಿಸತಕ್ಕದ್ದು. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಅಗತ್ಯವೆಂದು 34ನೇ ಪ್ರಕರಣದಲ್ಲಿ ತಿಳಿಸಲಾಗಿದೆ. ಮಾಲೀಕರ ಹೆಸರಿನ ಕೋವಿಯನ್ನು ಗುತ್ತಿಗೆದಾರರು ಅಥವಾ ಕಾವಲುಗಾರರು ಬಳಸುವಂತಿಲ್ಲ.

ದೂರು ಹಾಗೂ ಬೆಳೆ ಹಾನಿ ಅರ್ಜಿ

ದೂರನ್ನು ವಲಯ ಅರಣ್ಯಾಧಿಕಾರಿಗಳಿಗೆ ಲಿಖಿತವಾಗಿ ಸಲ್ಲಿಸಿ, ಪ್ರತಿಯೊಂದರ ಮೇಲೆ ಮೊಹರು ಹಾಗೂ ದಿನಾಂಕ ಸಹಿತ ಸ್ವೀಕೃತಿ ಪಡೆಯತಕ್ಕದ್ದು. ಗ್ರಾಮ, ಸರ್ವೆ ನಂಬರ್, ಗುತ್ತಿಗೆಯ ವಿವರ, ಕಂಡ ದಿನ ಮತ್ತು ಸಮಯ, ಕಂಡವರ ಹೆಸರು ಇವನ್ನು ನಮೂದಿಸಿದರೆ ಸಾಕು; ಯಾರ ಮೇಲಾದರೂ ಸಂದೇಹವಿದ್ದಲ್ಲಿ ಸಂದೇಹವೆಂದೇ ಬರೆಯಬೇಕು. ಕಾಯ್ದೆಯ 50ನೇ ಪ್ರಕರಣದಂತೆ ತನಿಖೆಗೆ ಬರುವ ಅರಣ್ಯಾಧಿಕಾರಿಗಳಿಗೆ ಪ್ರವೇಶಿಸುವ ಹಾಗೂ ಶೋಧಿಸುವ ಅಧಿಕಾರವಿದ್ದು, ಖಾಸಗಿ ತೋಟವೆಂಬ ಕಾರಣಕ್ಕೆ ತಡೆಯುವಂತಿಲ್ಲ. ದೂರಿನ ಮೇಲೆ ಕ್ರಮ ಜರುಗದಿದ್ದಲ್ಲಿ, 55ನೇ ಪ್ರಕರಣದಂತೆ ನಿಗದಿತ ರೀತಿಯಲ್ಲಿ 60 ದಿನಗಳ ನೋಟೀಸು ನೀಡಿ ನ್ಯಾಯಾಲಯಕ್ಕೆ ನೇರವಾಗಿ ದೂರು ಸಲ್ಲಿಸುವ ಹಕ್ಕು ನಾಗರಿಕರಿಗಿದೆ.

ಬೆಳೆ ಹಾನಿ ಪರಿಹಾರ ಸಿಗುವುದಿಲ್ಲವೆಂಬ ನಿರಾಸೆಯಿಂದಲೇ ಅನೇಕರು ಈಡುಗಾರರಿಗೆ ಗೇಟು ತೆರೆಯುತ್ತಾರೆ. ವನ್ಯಪ್ರಾಣಿಗಳಿಂದಾದ ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ದಯಾತ್ಮಕ ಧನ ನೀಡಲಾಗುತ್ತಿದ್ದು, ಅರ್ಜಿಗಳನ್ನು ಇ-ಪರಿಹಾರ ತಂತ್ರಾಂಶದಲ್ಲಿ ದಾಖಲಿಸಲಾಗುತ್ತದೆ. ಹಾನಿಯಾದ ಮರುದಿನವೇ, ಹೆಜ್ಜೆ ಗುರುತು ಅಳಿಯುವ ಮುನ್ನ, ಛಾಯಾಚಿತ್ರ ತೆಗೆದು ವಲಯ ಕಚೇರಿಗೆ ತಿಳಿಸುವುದು ಮುಖ್ಯ. ಪಹಣಿ ಮಾಲೀಕರ ಹೆಸರಿನಲ್ಲಿದ್ದು ಬೆಳೆ ಗುತ್ತಿಗೆದಾರರದ್ದಾಗಿದ್ದಲ್ಲಿ ಹಣ ಯಾರ ಖಾತೆಗೆ ಜಮೆಯಾಗತಕ್ಕದ್ದೆಂಬ ಬಗ್ಗೆ ಮಾಲೀಕರ ಒಪ್ಪಿಗೆ ಪತ್ರವನ್ನು ಮೊದಲೇ ಪಡೆದಿಟ್ಟುಕೊಂಡು, ಅದರ ಪ್ರತಿಯನ್ನು ನೋಂದಾಯಿತ ಗುತ್ತಿಗೆ ಪತ್ರದೊಂದಿಗೆ ಅರ್ಜಿಗೆ ಲಗತ್ತಿಸತಕ್ಕದ್ದು. ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ತಿಳಿಸುವ ಹಿಂಬರಹವನ್ನು ಕೇಳಿ ಪಡೆದು, ಅದರೊಂದಿಗೆ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ಮನವಿ ಸಲ್ಲಿಸಬಹುದಾಗಿದೆ.